ಗೀಸರ್ ಸಾಕೆಟ್ ಪದೇ ಪದೇ ಸುಡುತ್ತೆ, ಎಂಸಿಬಿ ಮಾತ್ರ ಬೀಳಲ್ಲ

ಪ್ರಶ್ನೆ: ವೈರಿಂಗ್ ಕೆಲಸ ಕಲಿಯುತ್ತಿದ್ದೇನೆ. 3000 ವಾಟ್ ಗೀಸರ್, 16 ಆಂಪ್ ಸಾಕೆಟ್. ಎರಡು ಸಲ ಬದಲಿಸಿದರೂ ನ್ಯೂಟ್ರಲ್ ಕಡೆ ಕರಗಿದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್) ಯಾಕೆ ಟ್ರಿಪ್ ಆಗಲ್ಲ?

ಉತ್ತರ 1: ಎಂಸಿಬಿಗೆ ಗೊತ್ತಾಗೋದು ತನ್ನೊಳಗೆ ಹರಿಯೋ ಕರೆಂಟ್ ಅಷ್ಟೇ, ಸಾಕೆಟ್ಟಿನ ಬಿಸಿಯಲ್ಲ. 230 ವೋಲ್ಟಿಗೆ ಈ ಗೀಸರ್ ಎಳೆಯೋದು ಸುಮಾರು 13 ಆಂಪ್; ಸ್ಕ್ರೂ ಸಡಿಲ ಇದ್ದರೂ ಅದು ಹೆಚ್ಚಾಗಲ್ಲ, ಅದಕ್ಕೇ ಎಂಸಿಬಿ ಬೀಳಲ್ಲ. ಆದರೆ ಸಡಿಲ ಸ್ಕ್ರೂವಿನಲ್ಲಿ ಬರೀ 0.1 ಓಮ್ ರೆಸಿಸ್ಟೆನ್ಸ್ ಇದ್ದರೂ ಆ ಚುಕ್ಕೆಯಷ್ಟು ಜಾಗದಲ್ಲಿ 17 ವಾಟ್ ಬಿಸಿ. ಸಾಕೆಟ್ ಬದಲಿಸಿ ಹಳೇ ಕಪ್ಪಾದ ತಂತಿಯನ್ನೇ ಸಿಕ್ಕಿಸಿದ್ದೀರಿ ಅನಿಸುತ್ತೆ. ತಾಮ್ರ ಫಳಫಳ ಹೊಳೆಯೋವರೆಗೂ ಕತ್ತರಿಸಿ, ಟರ್ಮಿನಲ್ (ತಂತಿ ಸಿಕ್ಕಿಸೋ ತೂತು) ಆಳದಷ್ಟೇ ಸುಲಿಯಿರಿ. ಸ್ಕ್ರೂ ಕೆಳಗೆ ಇನ್ಸುಲೇಷನ್ ಸಿಕ್ಕರೆ ಬಿಗಿಯಾದ ಹಾಗೆ ಅನಿಸುತ್ತೆ, ಆಗಿರಲ್ಲ. ಬಿಗಿ ಮಾಡಿದ ಮೇಲೆ ಪ್ರತಿ ತಂತಿ ಎಳೆದು ನೋಡಿ.

ಉತ್ತರ 2: ಪ್ಲಗ್ ಪಿನ್ನೂ ನೋಡಿ. ಕಪ್ಪಾಗಿದ್ದರೆ ಹೊಸ ಸಾಕೆಟ್ಟನ್ನೂ ಅದೇ ಹಾಳು ಮಾಡುತ್ತೆ.

ಉತ್ತರ 3: ಮುಟ್ಟೋ ಮುಂಚೆ ಮೇನ್ ಆಫ್ ಮಾಡಿ. ಮೀಟರನ್ನು ಮೊದಲು ಕರೆಂಟ್ ಇರೋ ಕಡೆ ಹಿಡಿದು ಪರೀಕ್ಷಿಸಿ, ಆಮೇಲೆ ಸಾಕೆಟ್ಟಲ್ಲಿ, ಮತ್ತೆ ಕರೆಂಟ್ ಇರೋ ಕಡೆ. ಟೆಸ್ಟರ್ ದೀಪ ಹತ್ತಲಿಲ್ಲ ಅಂತ ಕೈ ಹಾಕೋದು ಬೇಡ, ಟೆಸ್ಟರೇ ಕೆಟ್ಟಿರಬಹುದು.