ಪದ ಬೇಕು: ಪಾರ್ಕಿಂಗ್ ಬ್ರೇಕ್‌ಗೆ ಕನ್ನಡದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಮಡಿಕೇರಿ ಹತ್ತಿರ ನಮ್ಮ ಚಿಕ್ಕಪ್ಪನ ಹೋಂಸ್ಟೇ ಇದೆ. ಕಾರು ನಿಲ್ಲಿಸುವ ದಾರಿ ಪೂರ್ತಿ ಇಳಿಜಾರು, ಎರಡೂ ಬದಿಗೆ ಗೇಣೆತ್ತರದ ಕಲ್ಲಿನ ಕಟ್ಟೆ. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ನಾನು ಹೀಗೆ ಬರೆದುಕೊಂಡಿದ್ದೇನೆ:

"ವಾಹನದ ನಿಲುಗಡೆ ತಡೆಯನ್ನು ತೊಡಗಿಸಿ, ಗೇರಿನಲ್ಲಿ ಬಿಡಿ, ಚಕ್ರವನ್ನು ಕಟ್ಟೆಯ ಕಡೆಗೆ ತಿರುಗಿಸಿ."

"ನಿಲುಗಡೆ ತಡೆ" ಅಂದರೆ ಇಲ್ಲಿ ಗಾಡಿ ನಿಲ್ಲಿಸಬೇಡಿ ಅಂದ ಹಾಗೆ ಕೇಳುತ್ತದೆ, ಅಲ್ವಾ? ದಯವಿಟ್ಟು ಇವತ್ತೇ ಹೇಳಿ.

* * *

ಬ್ರೇಕ್‌ಗೆ ಕನ್ನಡದಲ್ಲಿ ಬಿರಿ ಅನ್ನುವ ಪದ ಇದೆ. ಹಾಗಾಗಿ ಕೈಬಿರಿ. ಕೈ ಕನ್ನಡ, ಬಿರಿ ಕನ್ನಡ, ಕನ್ನಡಕ್ಕೆ ಸಂಸ್ಕೃತ ಬೆಸೆಯುವ ಅರಿಸಮಾಸದ ಗೊಡವೆಯೇ ಇಲ್ಲ. "ತೊಡಗಿಸಿ" ತೆಗೆದುಹಾಕಿ, ಅದು ಅನುವಾದದ ಕನ್ನಡ. "ಕೈಬಿರಿ ಬಿಗಿಯಿರಿ" ಅಂತ ಬರೆಸಿ. ಮುಗಿಯಿತು.

* * *

> ಕೈಬಿರಿ ಬಿಗಿಯಿರಿ

ಮೊಗ್ಗು ಬಿರಿಯುತ್ತದೆ, ಗೋಡೆ ಬಿರಿಯುತ್ತದೆ. ಬೋರ್ಡ್ ಓದಿದವರಿಗೆ ಕೈ ಬಿರಿದ ನೆನಪಾಗುತ್ತದೆ, ಬ್ರೇಕ್ ಅಲ್ಲ. ಬೇಡ.

* * *

ಒಂದು ಪದಕ್ಕೆ ಎರಡು ಅರ್ಥ ಇರಬಾರದು ಅಂತ ಯಾವ ವ್ಯಾಕರಣ ಹೇಳುತ್ತದೆ? ಬಳಸದೆ ಬಿಟ್ಟಿದ್ದಕ್ಕೆ ಬಿರಿ ದೂರವಾಗಿದೆ, ಬಳಸಿದರೆ ಹತ್ತಿರವಾಗುತ್ತದೆ. ಬ್ರೇಕು, ಗೇರು, ಸ್ಟೇರಿಂಗು ಅಂತ ಒಂದೊಂದೇ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ನಮ್ಮದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

* * *

ಮೇಡಂ, ನಾನು ಶಿವಮೊಗ್ಗದಲ್ಲಿ ಡ್ರೈವಿಂಗ್ ಕಲಿಸುವವನು. ಪದ ಆಮೇಲೆ, ಮೊದಲು ವಾಕ್ಯ ಸರಿಮಾಡಿಕೊಳ್ಳಿ, ಯಾಕೆಂದರೆ ನಿಮ್ಮ ಸೂಚನೆ ಅರ್ಧ ತಪ್ಪಿದೆ.

ಗಾಡಿ ಇಳಿಮುಖವಾಗಿ ನಿಂತಿದ್ದರೆ ಮುಂದಿನ ಗಾಲಿ ಕಟ್ಟೆ ಕಡೆ ತಿರುಗಿರಬೇಕು, ಸರಿ. ಏರುಮುಖವಾಗಿ ನಿಂತಿದ್ದರೆ ಅದೇ ಗಾಲಿ ಕಟ್ಟೆಯಿಂದ ಆಚೆಗೆ, ಅಂದರೆ ರಸ್ತೆ ಕಡೆಗೆ ತಿರುಗಿರಬೇಕು. ಬ್ರೇಕ್ ಬಿಟ್ಟು ಹಿಂದಕ್ಕೆ ಜಾರಿದರೂ ಗಾಲಿಯ ಹಿಂಬದಿ ಕಟ್ಟೆಗೆ ತಾಗಿ ನಿಲ್ಲುತ್ತದೆ. ನಮ್ಮಲ್ಲಿ ಎಡಬದಿಗೆ ನಿಲ್ಲಿಸುವುದರಿಂದ ಏರುವಾಗ ಸ್ಟೇರಿಂಗ್ ಬಲಕ್ಕೆ, ಇಳಿಯುವಾಗ ಎಡಕ್ಕೆ. "ಚಕ್ರ" ಅಂದರೆ ಯಾವುದು ಅಂತ ಜನ ಯೋಚಿಸುತ್ತಾ ನಿಲ್ಲುತ್ತಾರೆ, ಸ್ಟೇರಿಂಗ್ ಅಂತಲೇ ಬರೆಯಿರಿ.

ಇನ್ನು ಕ್ರಮ. ಕಾಲಿನ ಬ್ರೇಕ್ ಒತ್ತಿಕೊಂಡೇ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಹಾಕಬೇಕು, ಆಮೇಲೆ ಕಾಲನ್ನು ಮೆಲ್ಲಗೆ ಎತ್ತಬೇಕು. ಆಗ ಗಾಡಿ ಒಂಚೂರು ಜರುಗಿ ಕೂರುತ್ತದೆ, ಭಾರ ಹ್ಯಾಂಡ್ ಬ್ರೇಕ್ ಮೇಲೆ ಬೀಳುತ್ತದೆ. ಹಿಡಿಯದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ಗೇರ್: ಏರುಮುಖಕ್ಕೆ ಫಸ್ಟ್, ಇಳಿಮುಖಕ್ಕೆ ರಿವರ್ಸ್. ಆಟೋಮ್ಯಾಟಿಕ್ ಗಾಡಿಯವರು ಜಾಸ್ತಿ ತಪ್ಪು ಮಾಡುವುದು ಇಲ್ಲೇ, ಸೀದಾ ಪಿಗೆ, ಅಂದರೆ ಪಾರ್ಕ್‌ಗೆ, ಹಾಕಿ ಇಳಿದುಬಿಡುತ್ತಾರೆ. ಪೂರ್ತಿ ಭಾರ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿ ಹೊರುತ್ತದೆ, ಮತ್ತೆ ತೆಗೆಯುವಾಗ ಠಕ್ ಅಂತ ಸದ್ದು ಬರುವುದು ಅದಕ್ಕೇ. ಹ್ಯಾಂಡ್ ಬ್ರೇಕ್ ಮೊದಲು, ಪಿ ಆಮೇಲೆ.

ಪದ ಹ್ಯಾಂಡ್ ಬ್ರೇಕ್ ಇರಲಿ, ಎಲ್ಲರಿಗೂ ಗೊತ್ತು. "ಎಳೆಯಿರಿ" ಬೇಡ, "ಬಿಗಿಯಿರಿ"ಯೂ ಬೇಡ. ಹೊಸ ಕಾರುಗಳಲ್ಲಿ ಅದು ಬರೀ ಬಟನ್. ಕೆಲವು ಮರ್ಸಿಡಿಸ್ ಕಾರುಗಳಲ್ಲಿ ಕಾಲಲ್ಲಿ ಒತ್ತಬೇಕಿತ್ತು. ಎಲ್ಲಕ್ಕೂ ಹೊಂದುವುದು "ಹಾಕಿ" ಒಂದೇ. ಬೀಗ ಹಾಕುತ್ತೇವೆ, ದೀಪ ಹಾಕುತ್ತೇವೆ, ಬ್ರೇಕ್ ಹಾಕುತ್ತೇವೆ. ಬೋರ್ಡಿನ ಕನ್ನಡತನ ಕ್ರಿಯಾಪದದಲ್ಲಿ ಇರಲಿ ಮೇಷ್ಟ್ರೇ, ನಾಮಪದಕ್ಕಾಗಿ ಗಾಡಿ ಜಾರಿಸುವುದು ಬೇಡ.

* * *

ಪೂರ್ತಿ ಒಪ್ಪಿದೆ. ಮೇಷ್ಟ್ರು ಒಂದು ಯೋಚಿಸಲಿ. ರಸ್ತೆ ಪಾರಸಿಯಿಂದ ಬಂದಿದ್ದು, ಚಾವಿ ಪೋರ್ಚುಗೀಸಿನಿಂದ. ಎರಡೂ ಇವತ್ತು ಕನ್ನಡವೇ.

* * *

ಚಾವಿ ಬಂತು ಅಂತ ಬೀಗದಕೈ ಸತ್ತಿಲ್ಲ, ಕೀಲಿಕೈಯೂ ಸತ್ತಿಲ್ಲ. ಬಂದದ್ದು ಪಕ್ಕದಲ್ಲಿ ಕೂತರೆ ನನ್ನ ತಕರಾರಿಲ್ಲ. ಇದ್ದದ್ದನ್ನು ಎಬ್ಬಿಸಿ ಕೂರುವುದಕ್ಕೆ ತಕರಾರು. ಮನೆಗೆ ಬಂದವರಿಗೆ ಒಂದು ಹೊಸ ಪದ ಕಲಿಸುವ ಅವಕಾಶವನ್ನು ನೀವು ಸುಮ್ನೆ ಕಳೆಯುತ್ತಿದ್ದೀರಿ.

* * *

ಇಳಿಜಾರು ಪಾಠಶಾಲೆ ಅಲ್ಲ.

ಮೇಡಂ, ಇನ್ನೊಂದು. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಗೇರು ಅಂದರೆ ಗೋಡಂಬಿ ಮರ. "ಗೇರಿನಲ್ಲಿ ಬಿಡಿ" ಬೇಡ. "ಗೇರ್ ಹಾಕಿ ಬಿಡಿ" ಅನ್ನಿ.

* * *

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟೇರಿಂಗ್ ವಿಷಯ ತಿಳಿದದ್ದು ದೊಡ್ಡ ಉಪಕಾರ. ಬೋರ್ಡ್ ಹೀಗೆ:

ಇಳಿಜಾರು ಇದೆ
ಹ್ಯಾಂಡ್ ಬ್ರೇಕ್ ಹಾಕಿ, ಆಮೇಲೆ ಗೇರ್ ಹಾಕಿ ಬಿಡಿ
ಆಟೋಮ್ಯಾಟಿಕ್: ಹ್ಯಾಂಡ್ ಬ್ರೇಕ್ ಮೊದಲು, ಪಿ ಆಮೇಲೆ
ಏರುಮುಖ: ಸ್ಟೇರಿಂಗ್ ಬಲಕ್ಕೆ
ಇಳಿಮುಖ: ಸ್ಟೇರಿಂಗ್ ಎಡಕ್ಕೆ

* * *

ಏರು ಕನ್ನಡ, ಮುಖ ಸಂಸ್ಕೃತ. ಅರಿಸಮಾಸವನ್ನು ಬಣ್ಣದಲ್ಲಿ ಬರೆಸಿ ನಿಲ್ಲಿಸುತ್ತೀರಾ?

* * *

ಏರುವ ಮುಖ ಅಂತ ಬಿಡಿಸಿ ನೋಡಿ. ಪೂರ್ವಪದ ಕೃದಂತ, ಅಂದರೆ ಕ್ರಿಯೆಯಿಂದ ಹುಟ್ಟಿದ ಪದ, ಹಾಗಾಗಿ ಇದು ಗಮಕ ಸಮಾಸ, ಅರಿಸಮಾಸದ ದೋಷ ಅದಕ್ಕೆ ತಟ್ಟುವುದಿಲ್ಲ. ಮೇಡಂ, ಬರೆಸಿ.