ಅಪ್‌ಡೇಟ್: ಕಣ್ಣಿನ ಕೆಳಗಿನ ಕಪ್ಪಿಗೆ ಕಾರಣ ನನ್ನ ಮೂಗು!

ದಿನಾ ಎಂಟು ಗಂಟೆ ನಿದ್ದೆ ಮಾಡಿದರೂ ಕಣ್ಣಿನ ಕೆಳಗಿನ ಕಪ್ಪು ಯಾಕೆ ಹೋಗ್ತಿಲ್ಲ ಅಂತ ಮೂರು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ಸೌತೆಕಾಯಿ, ಆಲೂಗಡ್ಡೆ, ನಿಂಬೆರಸ ಅಂತ ತುಂಬಾ ಜನ ಹೇಳಿದಿರಿ. ನಿಂಬೆರಸ ಹಚ್ಚಿ ಎರಡು ದಿನ ಉರಿ ಅನುಭವಿಸಿದೆ. ನಿಂಬೆರಸ ಹಚ್ಚಿ ಅಂತ ಮಾತ್ರ ಇನ್ಯಾರಿಗೂ ಹೇಳಬೇಡಿ, ಪ್ಲೀಸ್.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೆಳರೆಪ್ಪೆಯ ಚರ್ಮವನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿದರು. "ಬೆಳಿಗ್ಗೆ ಸೀನು ಜಾಸ್ತಿನಾ? ಕಣ್ಣು ಉಜ್ತೀರಾ?" ಅಂದರು. ಎದ್ದ ಕೂಡಲೇ ಹತ್ತು ಸೀನು ಗ್ಯಾರಂಟಿ! ಧೂಳಿನ ಅಲರ್ಜಿ ಅದು. ಮೂಗು ಕಟ್ಟಿದಾಗ ಕಣ್ಣಿನ ಕೆಳಗಿನ ಸಣ್ಣ ರಕ್ತನಾಳಗಳು ಉಬ್ಬುತ್ತವೆ. ಅಲ್ಲಿ ಚರ್ಮ ತುಂಬಾ ತೆಳು, ಅದಕ್ಕೇ ಕಪ್ಪಾಗಿ ಕಾಣುತ್ತದೆ. ಉಜ್ಜಿ ಉಜ್ಜಿ ಚರ್ಮವೂ ಕಪ್ಪಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಬಂತು. ಹೆಂಗಸರಿಗೆ 12 ಆದರೂ ಇರಬೇಕು. ಅಂದರೆ ರಕ್ತಹೀನತೆಯೂ ಇತ್ತು, ಮುಖ ಬಿಳಿಚಿಕೊಂಡಾಗ ಕಪ್ಪು ಇನ್ನೂ ಎದ್ದು ಕಾಣುತ್ತದೆ.

ಈಗ ಮೂಗಿಗೆ ಸ್ಪ್ರೇ, ಕಬ್ಬಿಣಾಂಶದ ಮಾತ್ರೆ (ಕಾಫಿ ಜೊತೆ ಅಲ್ಲ!), ಹೊರಗೆ ಹೋಗುವಾಗ ಸನ್‌ಸ್ಕ್ರೀನ್. ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿಗೆ. ಅರ್ಧದಷ್ಟು ತಿಳಿಯಾಗಿದೆ. ಉಳಿದದ್ದು ಅಮ್ಮನ ಕಡೆಯ ಬಳುವಳಿ, ಚಿಕ್ಕಮ್ಮ ದೊಡ್ಡಮ್ಮ ಎಲ್ಲರಿಗೂ ಇದೆ.