ಚಿಲ್ಲರೆ ಇಲ್ಲ, ನಾಡಿದ್ದು ಬಾ

ಎಲ್ಲರಿಗೂ ವಂದನೆ. ಅಷ್ಟುದ್ದ ಟೈಪ್ ಮಾಡುತ್ತಾ ಕೂರುವುದು ನನ್ನಿಂದ ಆಗುವುದಿಲ್ಲ, ಕಣ್ಣೂ ಸಾಲದು. ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಪಾತ್ರೆ ತೊಳೆಯುತ್ತಾ ಕೇಳಿ.

ನಿನ್ನೆ ರಾತ್ರಿ ನಮ್ಮ ಬೆಂಗಳೂರಿನ ಹುಡುಗಿ ಗ್ರೂಪಿನಲ್ಲಿ ಕೇಳಿದ್ದು ನೋಡಿದೆ. ಭಾನುವಾರ ಚರ್ಚಿನಲ್ಲಿ, ಯೇಸು ಶಿಷ್ಯರಿಗೆ ಹೇಳಿದ "ನೀವು ಭೂಮಿಗೆ ಉಪ್ಪು" ಅನ್ನುವ ಮಾತಿನ ಮೇಲೆ ಪ್ರಸಂಗ ಕೇಳಿ ಬಂದಿದ್ದಾಳೆ. "ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಎಂಟು. ದಿನವಿಡೀ ಬಿಲ್ ಪಾಸ್ ಮಾಡುವುದೇ ಕೆಲಸ. ಸತ್ಯವೇದ ತೆರೆಯೋದಕ್ಕೂ ಟೈಮಿಲ್ಲ. ಇದರಲ್ಲಿ ನಾನು ಉಪ್ಪಾಗುವುದು ಎಲ್ಲಿ?" ಅಂತ ಕೇಳಿದಳು. ಅದಕ್ಕೆ ಬಾವ ಒಂದು ಸೂರ್ಯೋದಯದ ಚಿತ್ರ ಹಾಕಿದರು, ಮೇಲೆ ಒಂದು ವಚನ. ಅದರ ಕೆಳಗೆ ಹನ್ನೊಂದು ಜನ ಕೈ ಮುಗಿದರು. ಪ್ರಶ್ನೆ ಅಲ್ಲೇ ಉಳಿಯಿತು. ಬಾವ, ಬೇಜಾರು ಮಾಡಿಕೊಳ್ಳಬೇಡಿ, ಚಿತ್ರ ಚೆನ್ನಾಗಿತ್ತು.

ಮಗಳೇ, ನಾನು ಪ್ರಸಂಗ ಮಾಡುವವಳಲ್ಲ. ಮಕ್ಕಳಿಗೆ ಕನ್ನಡ ಹೇಳಿಕೊಟ್ಟು ರಿಟೈರ್ ಆದವಳು. ಆದರೆ ನೀನು ಬಿಲ್ ಅಂದ ಕೂಡಲೇ ನನಗೆ ಹಳೆಯ ಒಂದು ಕ್ರಿಸ್ಮಸ್ ನೆನಪಾಯಿತು. ಇದನ್ನು ನಿನ್ನ ದೊಡ್ಡಪ್ಪನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಡಿಸೆಂಬರ್ 24, ಮಧ್ಯಾಹ್ನ. ಅಡುಗೆಮನೆ ತುಂಬ ಹಿಟ್ಟು. ಒಲೆಯ ಮೇಲೆ ಚಕ್ಕುಲಿ ಬಾಣಲೆ, ಕೇಕಿಗೆ ಇನ್ನೂ ಕೈ ಹಾಕಿರಲಿಲ್ಲ. ಆಗ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವಳು ಬೆಳಿಗ್ಗೆಯಿಂದ ಇದ್ದಳು. ಪರದೆಗಳನ್ನೆಲ್ಲ ಒಗೆದಳು, ಎರಡು ಸಲ ನೆಲ ಒರೆಸಿದಳು, ತೆಂಗಿನಕಾಯಿ ತುರಿದು ಕೊಟ್ಟಳು. ಗೋದಲಿಗೆ ಅಂತ ಮಕ್ಕಳು ತಂದ ಹುಲ್ಲು ಅಂಗಳದಲ್ಲೆಲ್ಲ ಚೆಲ್ಲಿತ್ತು, ಅದನ್ನೂ ಗುಡಿಸಿದಳು. ನಾಲ್ಕು ಗಂಟೆಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಂದಿನ ಬಾಗಿಲಲ್ಲಿ ನಿಂತಳು. ಸುಮ್ನೆ ನಿಂತಳು, ಏನೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಈ ತಿಂಗಳ ಸಂಬಳ ಹಬ್ಬಕ್ಕೆ ಮೊದಲೇ ಕೊಡುತ್ತೇನೆ ಅಂತ ನಾನೇ ಹೇಳಿದ್ದೆ.

ಅವಳಿಗೆ ಕೊಡಬೇಕಾದದ್ದು ಏಳುನೂರು. ನನ್ನ ಹತ್ತಿರ ಇದ್ದದ್ದು ಐನೂರರ ಎರಡು ನೋಟು. ಕೈಯೆಲ್ಲ ಹಿಟ್ಟು ಬೇರೆ. "ಚಿಲ್ಲರೆ ಇಲ್ಲ ಮಾರಾಯ್ತಿ, ನಾಡಿದ್ದು ಬಾ, ಕೊಡ್ತೇನೆ" ಅಂದೆ. "ಆಯ್ತು ಟೀಚರ್" ಅಂದಳು. ಹೋಗುವಾಗ ಒಂದು ಡಬ್ಬಿ ಚಕ್ಕುಲಿ ಕೊಟ್ಟೆ. ನನಗೆ ಎಷ್ಟು ಸಮಾಧಾನ ಅಂದರೆ, ಚಕ್ಕುಲಿ ಕೊಟ್ಟೆನಲ್ಲ!

ಆರು ಗಂಟೆಗೆ ನೋಡಿದರೆ ಕೇಕಿಗೆ ಒಣದ್ರಾಕ್ಷಿ ಸಾಲದು. ರಸ್ತೆ ತಿರುವಿನ ಅಂಗಡಿಗೆ ಓಡಿದೆ. ಅವಳು ಅಲ್ಲಿದ್ದಳು. ಅರ್ಧ ಕಿಲೋ ಸಕ್ಕರೆ, ಎರಡು ಕಿಲೋ ಕುಚ್ಚಲಕ್ಕಿ ಕೇಳುತ್ತಿದ್ದಳು, ಸಾಲಕ್ಕೆ. ಅಂಗಡಿಯವರು ಉದ್ದನೆಯ ಲೆಕ್ಕದ ಪುಸ್ತಕ ಬಿಚ್ಚಿ ಬೆರಳಿಟ್ಟು ತೋರಿಸುತ್ತಿದ್ದರು, ಹಳೆಯ ಬಾಕಿ ಇಷ್ಟಿದೆ, ಮೊದಲು ಅದು ಅಂತ. ಅಷ್ಟರಲ್ಲಿ ಅವಳು ನನ್ನನ್ನು ನೋಡಿದಳು. ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಚಿ, ಇನ್ನೊಂದು ಸಲ ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು.

ನನ್ನ ಪರ್ಸಿನಲ್ಲಿ ಅವೇ ಎರಡು ನೋಟು. ಅಂಗಡಿಯವರ ಕೈಗೆ ಕೊಟ್ಟೆ, ಎರಡೇ ನಿಮಿಷದಲ್ಲಿ ಚಿಲ್ಲರೆ ಮಾಡಿ ಕೊಟ್ಟರು. ಎರಡು ನಿಮಿಷ! ನಾಲ್ಕು ಗಂಟೆಗೆ ಮಗನನ್ನು ಪಕ್ಕದ ಮನೆಗೆ ಓಡಿಸಿದ್ದರೂ ಸಿಗುತ್ತಿತ್ತು. ಏಳುನೂರು ಎಣಿಸಿ ಅವಳ ಕೈಗಿಟ್ಟೆ. ಅವಳು ನನ್ನ ಮುಖ ನೋಡದೆ ತೆಗೆದುಕೊಂಡು, ಹಾಗೇ ಅಂಗಡಿಯವರ ಕಡೆ ಚಾಚಿದಳು.

ಆ ರಾತ್ರಿಯ ಆರಾಧನೆಯಲ್ಲಿ, ಯೇಸು ಹುಟ್ಟಿದ ಸುದ್ದಿ ಕೇಳಿದ ಕುರುಬರ ಪಾಠ ಓದುವ ಸರದಿ ನನ್ನದು. ಹೊಲದಲ್ಲಿ ಇದ್ದುಕೊಂಡು ರಾತ್ರಿಯಲ್ಲಿ ಕುರಿ ಕಾಯುತ್ತಿದ್ದವರು. ಎಷ್ಟೋ ವರ್ಷ ಓದಿದ ಪಾಠ. ಅವರು ರಾತ್ರಿ ಪಾಳಿಯ ಕೆಲಸಗಾರರು ಅಂತ ಅವತ್ತೇ ನನಗೆ ಹೊಳೆದದ್ದು.

ಆಮೇಲೆ ನಾನು ಸತ್ಯವೇದದಲ್ಲಿ ಕೂಲಿ ಅನ್ನುವ ಮಾತು ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕುತ್ತಾ ಹೋದೆ. ಟೀಚರ್ ಬುದ್ಧಿ, ಪೆನ್ಸಿಲ್ ಹಿಡಿದು ಗೆರೆ ಎಳೆಯುವುದು. "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ನಮಗೆಲ್ಲ ಬಾಯಿಪಾಠ, ಅಲ್ವಾ? ಯೇಸು ಹೇಳಿದ್ದು ಅಂತ ಸಂಡೇ ಸ್ಕೂಲಿನಲ್ಲಿ ಕಲಿತೆವು. ಅದು ಮೊದಲು ಬರುವುದು ಯಾಜಕಕಾಂಡ 19:18ರಲ್ಲಿ. ಅಲ್ಲಿಂದ ಐದು ವಚನ ಹಿಂದಕ್ಕೆ ಹೋಗಿ, 19:13. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತ ಇದೆ. ನೆರೆಯವನನ್ನು ಪ್ರೀತಿಸುವುದು ಅಂದರೆ ಏನು ಅಂತ ಕೇಳುವ ಮೊದಲೇ ಉತ್ತರ ಕೊಟ್ಟುಬಿಟ್ಟಿದೆ.

ಇನ್ನೊಂದು ತಮಾಷೆ ಕೇಳಿ. ಕಾಣಿಕೆ ಕವರಿನ ಮೇಲೆ ಮಲಾಕಿಯ 3:10 ಅಚ್ಚು ಹಾಕಿಸುತ್ತೇವಲ್ಲ, ದಶಮಾಂಶವನ್ನೆಲ್ಲ ಬಂಡಸಾಲೆಗೆ ತನ್ನಿರಿ ಅನ್ನುವುದು. ಅಲ್ಲಿಂದಲೂ ಐದೇ ವಚನ ಹಿಂದೆ, 3:5. ದೇವರು ಯಾರ ಮೇಲೆ ಸಾಕ್ಷಿ ಹೇಳಲು ಬರುತ್ತೇನೆ ಅನ್ನುತ್ತಾನೋ ಆ ಪಟ್ಟಿ ಅಲ್ಲಿದೆ. ಮಾಟಗಾರರು, ವ್ಯಭಿಚಾರಿಗಳು, ಸುಳ್ಳು ಆಣೆ ಇಡುವವರು. ಅವರ ಸಾಲಿನಲ್ಲೇ, ಕೂಲಿಯವನಿಗೆ ಕೂಲಿಯಲ್ಲಿ ಮೋಸ ಮಾಡುವವರು. ಅದನ್ನು ಯಾವ ಕವರಿನ ಮೇಲೂ ನಾನು ನೋಡಿಲ್ಲ. ಕಮಿಟಿಯವರು ಗ್ರೂಪಿನಲ್ಲಿದ್ದೀರಿ, ಮುಂದಿನ ಸಲ ಅಚ್ಚು ಹಾಕಿಸುವಾಗ ಯೋಚನೆ ಮಾಡಿ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಮಾತ್ರ ಧರ್ಮೋಪದೇಶಕಾಂಡ 24:15. ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡು ಅನ್ನುತ್ತದೆ. ಯಾಕೆ ಅಂತಲೂ ಹೇಳುತ್ತದೆ: ಅವನು ಬಡವ, ಅವನ ಜೀವ ಆ ಕೂಲಿಯ ಮೇಲೇ ಇರುತ್ತದೆ. ಅದನ್ನು ಓದುವಾಗ ನನಗೆ ಅಜ್ಜಿ ನೆನಪಾದರು.

ನಮ್ಮ ಹಿರಿಯರ ಕಥೆ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು, ಕುಲದ ಕೆಲಸವೂ ಹೋಗುತ್ತಿತ್ತು. ದೀಕ್ಷಾಸ್ನಾನ ಆಯಿತು, ಊಟಕ್ಕೇನು? ಅದಕ್ಕೇ ಅವರು ಪ್ರೆಸ್ಸು, ನೇಯ್ಗೆ, ಕೊನೆಗೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಅಂತ ಶುರು ಮಾಡಿದ್ದು. ನಮ್ಮ ಅಜ್ಜ ಸೇರುವ ಹೊತ್ತಿಗೆ ಮೊದಲನೇ ಮಹಾಯುದ್ಧ ಮುಗಿದು, ಕಾರ್ಖಾನೆ ಮಿಷನ್ ಕೈ ತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯದ್ದಾಗಿತ್ತು. ಆವೆ ಮಣ್ಣು ಹೊತ್ತು ಹೊತ್ತು ಅಜ್ಜನ ಹೆಗಲು ಒಂದು ಕಡೆ ವಾಲಿತ್ತು. ಸಂಬಳದ ದಿನ ಅಜ್ಜಿ ಮಧ್ಯಾಹ್ನವೇ ಮಸಾಲೆ ಅರೆದಿಡುತ್ತಿದ್ದರಂತೆ. ಮೀನು ಮನೆಯಲ್ಲಿಲ್ಲ, ದುಡ್ಡೂ ಇಲ್ಲ. ಆದರೂ ಅಜ್ಜ ಬರುವಾಗ ಬಂಗುಡೆ ತಂದೇ ತರುತ್ತಾರೆ ಅಂತ ಮೆಣಸು, ಹುಳಿ, ಕಾಯಿ ಎಲ್ಲ ನುಣ್ಣಗೆ ಅರೆದು ಮುಚ್ಚಿಡುವುದು.

ವಯಸ್ಸಾದ ಮೇಲೆ ಅಜ್ಜ ಒಬ್ಬ ಕಂಟ್ರಾಕ್ಟರ್ ಹತ್ತಿರ ಕೂಲಿಗೆ ಹೋಗುತ್ತಿದ್ದರು. ಆತ ನಮ್ಮವನೇ, ಭಾನುವಾರ ಮುಂದಿನ ಬೆಂಚಿನವನು. "ಸೋಮವಾರ ನೋಡುವ" ಅನ್ನುತ್ತಿದ್ದನಂತೆ ಶನಿವಾರ ಸಂಜೆ. ಆಗ ಅರೆದಿಟ್ಟ ಮಸಾಲೆಗೆ ಅಜ್ಜಿ ಮೂರು ನುಗ್ಗೆಕಾಯಿ ಹಾಕಿ ಕುದಿಸುತ್ತಿದ್ದರು. ಅಮ್ಮ ನಮಗೆ ನಗುತ್ತಾ ಹೇಳುತ್ತಿದ್ದ ಕಥೆ ಇದು, ಮೀನಿಲ್ಲದ ಮೀನುಸಾರು ಅಂತ. ನಾವೂ ನಗುತ್ತಿದ್ದೆವು. ಆ ವಚನ ಓದಿದ ಮೇಲೆ ನನಗೆ ನಗು ಬರುವುದಿಲ್ಲ. ಜೀವ ಅದರ ಮೇಲೇ ಇರುತ್ತದೆ ಅಂದರೆ ಆ ಅರೆದಿಟ್ಟ ಮಸಾಲೆ.

ಯೇಸು ಹೇಳಿದ ದ್ರಾಕ್ಷಿ ತೋಟದ ಸಾಮ್ಯದ ಕಥೆಯನ್ನೂ ಈಗ ನಾನು ಬೇರೆ ಥರ ಓದುತ್ತೇನೆ, ಮತ್ತಾಯ 20. ಸಂಜೆ ಐದಕ್ಕೆ ಬಂದವನಿಗೂ ಬೆಳಿಗ್ಗೆ ಬಂದವನಿಗೂ ಒಂದೇ ಕೂಲಿ. ಕೃಪೆ ಕೃಪೆ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ, ಸರಿಯೇ. ಆದರೆ ಸಂಜೆಯಾದ ಕೂಡಲೇ ತೋಟದ ಯಜಮಾನ ಪಾರುಪತ್ಯಗಾರನನ್ನು ಕರೆದು ಎಲ್ಲರ ಕೂಲಿ ಕೊಡು ಅನ್ನುತ್ತಾನೆ ನೋಡಿ. ಕೃಪೆ ತೋರಿಸಿದವನು ಚಿಲ್ಲರೆಯನ್ನೂ ತಯಾರಿಟ್ಟಿದ್ದ.

ಬಾವ ಈಗ ಕೇಳುತ್ತಾರೆ, ಗೊತ್ತು. "ಸಂಬಳ ಕೊಟ್ಟರೆ ಆಯಿತಾ? ಅದು ಲೋಕದವರೂ ಮಾಡುತ್ತಾರೆ. ನಮ್ಮ ನಂಬಿಕೆಗೆ ಸಾಕ್ಷಿ ಬೇಡವಾ?" ಅಂತ. ಹೌದು, ಮಾಡುತ್ತಾರೆ. ನಮಗಿಂತ ಚೆನ್ನಾಗಿ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. 2019ರ ವೇತನ ಸಂಹಿತೆಯಲ್ಲೂ ದಿನಗೂಲಿಯವರಿಗೆ ಪಾಳಿ ಮುಗಿಯುವಾಗಲೇ ಕೊಡಬೇಕು ಅಂತಿದೆ. ಸರ್ಕಾರ ಅಷ್ಟು ಹೇಳುವಾಗ ನಾವು ಅದಕ್ಕಿಂತ ಹಿಂದೆ ಇದ್ದರೆ ಸಾಕ್ಷಿ ಎಲ್ಲಿಂದ ಬರುತ್ತದೆ ಬಾವ? ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನು ಜಕ್ಕಾಯನನ್ನು ನೋಡಿ. ಮರ ಹತ್ತಿದ್ದಕ್ಕೆ ಅಲ್ಲ, ಊಟ ಹಾಕಿದ್ದಕ್ಕೂ ಅಲ್ಲ. ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಅವನು ಲೆಕ್ಕ ಹೇಳಿದ ಮೇಲೆಯೇ ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಅಂತ ಯೇಸು ಅಂದದ್ದು.

ನನಗೂ ಇದು ಎರಡೂ ಕಡೆಯಿಂದ ಗೊತ್ತು. ನಾನು ಮೊದಲು ಸೇರಿದ ಶಾಲೆಯಲ್ಲಿ ಸಂಬಳ ಬರುವುದು ಹದಿನೈದಕ್ಕೋ ಇಪ್ಪತ್ತಕ್ಕೋ, ಒಂದು ವರ್ಷ ಮೂರು ತಿಂಗಳು ಬರಲೇ ಇಲ್ಲ. ಬೆಳಿಗ್ಗೆ ಪ್ರಾರ್ಥನೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಹೆಸರು ಬೇಡ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ ಮಗಳೇ. ಕಳೆದ ರಜೆಯಲ್ಲಿ ನೀನೇ ಹೇಳಿದ್ದೆ. ಸಣ್ಣ ಉದ್ಯಮದವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನಿದೆ, ಆದರೆ ನಿಮ್ಮಲ್ಲಿ ಬಿಲ್ ಬಂದ ದಿನದಿಂದ ಎಣಿಸಿ ಕೊನೆಯ ದಿನವೇ ಒತ್ತುವುದು ಅಭ್ಯಾಸ ಅಂತ. ಎಲ್ಲ ಸರಿಯಿರುವ ಬಿಲ್ಲೂ ನಿನ್ನ ಕಂಪ್ಯೂಟರಿನಲ್ಲಿ ಸುಮ್ನೆ ಕೂತಿರುತ್ತದೆ, ಯಾಕೆಂದರೆ ಅವಸರ ಮಾಡು ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಆಫೀಸಿಗೆ ತಿಂಡಿ ತರುವ ಹೆಂಗಸು, ಬ್ಯಾನರ್ ಅಚ್ಚು ಹಾಕುವ ಹುಡುಗ, ಎಸಿ ರಿಪೇರಿಯವನು, ಇವರೆಲ್ಲ ಆ ಬಿಲ್ಲಿನ ಹಿಂದೆ ಇದ್ದಾರೆ. ಅವರ ಮನೆಯಲ್ಲಿ ಮಸಾಲೆ ಅರೆದಿಟ್ಟಿರುತ್ತಾರೆ. ಕಂಪನಿಯ ನಿಯಮ ನಿನ್ನ ಕೈಯಲ್ಲಿ ಇಲ್ಲ, ಒಪ್ಪಿದೆ. ನಿನ್ನ ಕೈಯಲ್ಲಿ ಇರುವುದು ನಿನ್ನ ಟೇಬಲ್ಲಿಗೆ ಬಂದದ್ದನ್ನು ಅವತ್ತೇ ನೋಡಿ ಮುಂದಕ್ಕೆ ಕಳಿಸುವುದು. ಒಂದು ಸಹಿ ಕಡಿಮೆ ಇದ್ದರೆ ಹತ್ತು ದಿನ ಬಿಟ್ಟು ವಾಪಸ್ ಕಳಿಸುವ ಬದಲು ಒಂದು ಫೋನ್ ಮಾಡುವುದು. ಅದಕ್ಕೆ ಸತ್ಯವೇದ ತೆರೆಯುವಷ್ಟು ಟೈಮೂ ಬೇಡ. ಬಿಲ್ ತೆರೆದರೆ ಸಾಕು.

ನಿಮ್ಮ ಫ್ಲಾಟಿನಲ್ಲಿ ಅಡುಗೆಗೆ ಬರುವವಳು ಒಬ್ಬಳಿದ್ದಾಳಲ್ಲ, ಅವಳಿಗೆ ಒಂದನೇ ತಾರೀಕೇ ಕೊಡು. ರೂಮ್‌ಮೇಟ್ ತನ್ನ ಪಾಲು ಹಾಕಿಲ್ಲ ಅಂತ ಕಾಯಬೇಡ, ನೀನು ಪೂರ್ತಿ ಕೊಟ್ಟು ಆಮೇಲೆ ಅವಳ ಹತ್ತಿರ ಇಸಿದುಕೋ. ನಿಮಗೆ ಈಗ ಚಿಲ್ಲರೆ ನೆಪವೂ ಇಲ್ಲ, ಫೋನಿನಲ್ಲೇ ಏಳುನೂರು ಅಂದರೆ ಏಳುನೂರೇ ಹೋಗುತ್ತದೆ. ನಮ್ಮ ಕಾಲದಲ್ಲಿ ಆ ಒಂದು ನೆಪ ಎಷ್ಟು ಜನರನ್ನು ಕಾಪಾಡಿತು ಅಂತೀಯಾ!

ಆಗಿನ ನಮ್ಮ ಕೆಲಸದವಳ ಕಥೆ ಏನಾಯಿತು ಅಂತ ಕೇಳುತ್ತೀರಿ. ಕ್ರಿಸ್ಮಸ್ ಕಳೆದು ಎರಡು ದಿನಕ್ಕೆ ಎಂದಿನಂತೆ ಬಂದಳು. ನಾನು ಏನೋ ಹೇಳಲು ಬಾಯಿ ತೆರೆದೆ. "ಚಕ್ಕುಲಿ ಚೆನ್ನಾಗಿತ್ತು ಟೀಚರ್, ಸ್ವಲ್ಪ ಉಪ್ಪು ಕಡಿಮೆ" ಅಂದಳು. ಆಮೇಲೆ ಎಂಟು ವರ್ಷ ನಮ್ಮಲ್ಲಿ ಇದ್ದಳು, ಆ ಮಾತು ನಾವಿಬ್ಬರೂ ಎತ್ತಲಿಲ್ಲ.

ಗೇಟಿನ ಸದ್ದಾಯಿತು. ತೆಂಗಿನಕಾಯಿ ಕೀಳುವವನು ಬಂದಿದ್ದಾನೆ, ಎಂಟು ಮರ ಇದೆ. ಅವನ ಫೋನಿನಲ್ಲಿ ಈ ದುಡ್ಡು ಕಳಿಸುವುದೆಲ್ಲ ಇಲ್ಲ. ಅವನು ಇಳಿಯುವುದರೊಳಗೆ ನಾನು ಚಿಲ್ಲರೆ ಹುಡುಕಬೇಕು. ಇಡುತ್ತೇನೆ.